ಎರಡು ದಿನದ ಕಲರ್ ಕರೆಕ್ಷನ್ ಒಂದು ಸಂಜೆಗೆ ಇಳಿಯಿತು

ಮದುವೆ ಫೋಟೋಗೆ ಆಕ್ಷನ್ (ಒಮ್ಮೆ ರೆಕಾರ್ಡ್ ಮಾಡಿಟ್ಟು ಬೇರೆ ಫೋಟೋಗಳಿಗೂ ಓಡಿಸುವ ಫೋಟೋಶಾಪ್ ಹೆಜ್ಜೆಗಳು) ಹಾಕಿದರೆ ಮುಖ ಕೆಡುತ್ತೆ, ಒಂದೊಂದೇ ಕೂತು ಮಾಡಬೇಕು ಅಂತ ತಿಪಟೂರಿನ ಕಡೆ ಸ್ಟುಡಿಯೋ ಇಟ್ಟಿರುವ ಗೆಳೆಯರೆಲ್ಲ ಹೇಳುತ್ತಿದ್ದರು. ಈಗ ಎರಡು ಸೀಸನ್ ಆಯಿತು, ನನ್ನ ಆಲ್ಬಂಗಳೆಲ್ಲ ಫೋಟೋಶಾಪ್ ಬ್ಯಾಚ್‌ನಲ್ಲೇ, ಅಂದರೆ ಇಡೀ ಫೋಲ್ಡರ್‌ಗೆ ಒಂದೇ ಸಲ ಆಕ್ಷನ್ ಓಡಿಸಿ, ಹೋಗುತ್ತಿವೆ. ಬಣ್ಣದ ಬಗ್ಗೆ ಒಂದು ಪಾರ್ಟಿಯೂ ತಕರಾರು ತೆಗೆದಿಲ್ಲ.

ಒಂದು ಮದುವೆಗೆ ಹೆಚ್ಚುಕಡಿಮೆ 3,000 ಕ್ಲಿಕ್. ಆರಿಸಿದ ಮೇಲೆ 600-700 ಉಳಿಯುತ್ತವೆ. ಹೊರಗೆ ಕೊಟ್ಟರೆ ಫೋಟೋಗೆ 3-4 ರೂಪಾಯಿ. ಅಂದರೆ ಮದುವೆಗೆ 1,800ರಿಂದ 2,800 ಹೋಯಿತು. ನಾನೇ ಕೂತರೆ ಎರಡು ದಿನ ಅಂಗಡಿ ಕೆಲಸ ನಿಲ್ಲುತ್ತಿತ್ತು.

ಮೊದಲು ಸುಮಾರು 1,500 ಕೊಟ್ಟು ರೆಡಿಮೇಡ್ ಆಕ್ಷನ್‌ಗಳ ಕಟ್ಟು ತಂದೆ. ಬೆಳ್ಳಗಿನ ಚರ್ಮಕ್ಕೆ ಮಾಡಿದ್ದು ಅದು. ನಮ್ಮವರ ಮುಖ ಕಿತ್ತಳೆ ಬಣ್ಣಕ್ಕೆ ತಿರುಗಿತು. ದುಡ್ಡು ಹೋಯಿತು. ಆಮೇಲೆ ಆಟೋ ಕಲರ್ ರೆಕಾರ್ಡ್ ಮಾಡಿ ನೋಡಿದೆ. ಅರಿಶಿನ ಶಾಸ್ತ್ರದಲ್ಲೇ ಅದು ಸೋತಿತು. ಫ್ರೇಮ್ ತುಂಬ ಹಳದಿ ಕಂಡರೆ ಸಾಫ್ಟ್‌ವೇರ್ ಅದನ್ನು ದೋಷ ಅಂದುಕೊಂಡು ನೀಲಿ ಸೇರಿಸುತ್ತೆ. ಮದುಮಗಳ ಮುಖ ಬೂದಿ ಬಳಿದ ಹಾಗೆ ಬಂತು. ಕೊನೆಗೆ ಒಂದು ಚೆಂದದ ಫೋಟೋದ ಮೇಲೆ ಕರ್ವ್ಸ್ (ಗೆರೆ ಬಗ್ಗಿಸಿ ಬೆಳಕು, ಬಣ್ಣ ತಿದ್ದುವ ಸಾಧನ) ಹಾಕಿ ಅದನ್ನೇ ಎಲ್ಲಕ್ಕೂ ಓಡಿಸಿದೆ. ಧಾರೆಯ ಫೋಟೋ ಬಂಗಾರದ ಹಾಗೆ ಬಂತು, ಊಟದ ಹಾಲ್‌ನ ಟ್ಯೂಬ್‌ಲೈಟ್ ಫೋಟೋಗಳು ಹಸಿರಾದವು.

ದಾರಿ ಸಿಕ್ಕಿದ್ದು ಶಾಸ್ತ್ರದ ಪ್ರಕಾರ ಫೋಲ್ಡರ್ ಮಾಡುವುದನ್ನು ಬಿಟ್ಟಾಗ. ಈಗ ಬೆಳಕಿನ ಪ್ರಕಾರ ವಿಂಗಡಿಸುತ್ತೇನೆ. ಚಪ್ಪರದ ಬೆಳಕು, ವಿಡಿಯೋದವರ ಲೈಟ್, ಗೋಡೆಗೋ ಸೂರಿಗೋ ಹೊಡೆದು ತಿರುಗಿಸಿದ ಬೌನ್ಸ್ ಫ್ಲಾಶ್, ರಿಸೆಪ್ಷನ್ ಎಲ್‌ಇಡಿ, ಹೀಗೆ ಆರೇಳು ಫೋಲ್ಡರ್. ಇದಕ್ಕೆ ಅರ್ಧ ಮುಕ್ಕಾಲು ಗಂಟೆ ಬೇಕು. ಬೇಸರದ ಕೆಲಸ, ಆದರೆ ಇಡೀ ಪದ್ಧತಿ ನಿಂತಿರುವುದೇ ಇದರ ಮೇಲೆ. ಒಂದೊಂದು ಫೋಲ್ಡರ್‌ಗೆ ಫೋಟೋಶಾಪ್ ಜೊತೆಗೇ ಬರುವ ಕ್ಯಾಮೆರಾ ರಾದಲ್ಲಿ ಒಂದು ಫೋಟೋದ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ) ಸರಿ ಮಾಡಿ, ಅದೇ ಸೆಟ್ಟಿಂಗ್ ಉಳಿದವಕ್ಕೂ ಹೋಗುವ ಹಾಗೆ ಸಿಂಕ್ ಕೊಡುತ್ತೇನೆ. ಆಮೇಲೆ ಆಕ್ಷನ್. ಲೈಟ್‌ರೂಮ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೂ ಸಿಂಕ್ ಇದೆ, ಆದರೆ ಬೆಳಕು ಬೆರೆತರೆ ಅಲ್ಲೂ ಇದೇ ಪಾಡು.

ರೆಕಾರ್ಡ್ ಮಾಡುವ ಮೊದಲು ರೂಲರ್ ಯೂನಿಟ್ಸ್ (ಅಳತೆಯ ಮಾನ) ಪರ್ಸೆಂಟ್‌ಗೆ ಬದಲಿಸಿ. ನನ್ನ ಎರಡು ಕ್ಯಾಮೆರಾಗಳ ಫೈಲ್ ಸೈಜ್ ಬೇರೆ ಬೇರೆ. ಪಿಕ್ಸೆಲ್‌ನಲ್ಲಿ ರೆಕಾರ್ಡ್ ಮಾಡಿದ್ದಾಗ ಆಕ್ಷನ್ ಹಾಕುವ ಸ್ಟುಡಿಯೋ ಹೆಸರು ಒಂದರಲ್ಲಿ ಮೂಲೆಗೆ, ಇನ್ನೊಂದರಲ್ಲಿ ಯಾರದೋ ಭುಜದ ಮೇಲೆ ಕೂರುತ್ತಿತ್ತು. ಅಡ್ಡ ಫೋಟೋ, ಉದ್ದ ಫೋಟೋ ಅಂತ ಬೇರೆ ಮಾಡಲು ಫೋಟೋಶಾಪ್ ಸಿಸಿಯಲ್ಲಿ ಇನ್ಸರ್ಟ್ ಕಂಡೀಷನಲ್ (ಹೀಗಿದ್ದರೆ ಈ ಆಕ್ಷನ್, ಇಲ್ಲದಿದ್ದರೆ ಆ ಆಕ್ಷನ್ ಅನ್ನೋ ಹೆಜ್ಜೆ) ಇದೆ, ಜಾಸ್ತಿ ಜನ ಅದನ್ನು ಮುಟ್ಟುವುದೇ ಇಲ್ಲ. ಸೇವ್ ಆ್ಯಸ್ ಆಕ್ಷನ್‌ನೊಳಗೇ ಇರಲಿ, ಬ್ಯಾಚ್ ಕಿಟಕಿಯಲ್ಲಿ ಅದರ ಓವರ್‌ರೈಡ್‌ಗೆ (ಫೈಲ್ ಬ್ಯಾಚ್ ಹೇಳಿದ ಫೋಲ್ಡರ್‌ಗೇ ಹೋಗಲಿ ಅನ್ನೋದಕ್ಕೆ) ಟಿಕ್ ಹಾಕಿ. ಜೆಪೆಗ್ ಕ್ವಾಲಿಟಿ ಬಾಕ್ಸ್ ಪ್ರತಿ ಫೋಟೋಗೂ ಎದ್ದು ನಿಂತರೆ ಬ್ಯಾಚ್‌ಗೆ ಅರ್ಥವೇ ಇಲ್ಲ, ಅಲ್ವಾ? ಎರರ್ಸ್ ಅನ್ನೋ ಕಡೆ ಲಾಗ್ ಎರರ್ಸ್ ಟು ಫೈಲ್ ಆರಿಸಿ. ಇಲ್ಲದಿದ್ದರೆ ಕೆಟ್ಟ ಫೈಲ್ ಒಂದು ಸಿಕ್ಕಿತು ಅಂದರೆ ರಾತ್ರಿಯೆಲ್ಲ ಮಷಿನ್ ಸುಮ್ನೆ ಉರಿಯುತ್ತೆ.

ಕರ್ವ್ಸ್‌ನಲ್ಲಿ ನಾನು ಚುಕ್ಕಿ ಇಟ್ಟಿರುವ ಜಾಗ ಮಾತ್ರ ಹೇಳುವುದಿಲ್ಲ. ರೆಡ್ ಅನ್ನು ಬಿಟ್ಟು ಬ್ಲೂ ಚಾನೆಲ್‌ನಲ್ಲಿ ಹುಡುಕಿ, ಅಷ್ಟು ಸಾಕು.

ಇದರ ಜೊತೆಗೇ ಪಾಸ್‌ಪೋರ್ಟ್ ಫೋಟೋಗೂ ಕೈ ಹಾಕಿದೆ. 35×45 ಮಿಲಿಮೀಟರ್ ಅಂದರೆ ಇಂಚಿಗೆ 300 ಪಿಕ್ಸೆಲ್ ರೆಸಲ್ಯೂಷನ್‌ನಲ್ಲಿ 413×531 ಪಿಕ್ಸೆಲ್. 4×6 ಇಂಚಿನ ಪೇಪರ್‌ನಲ್ಲಿ ಆರಾಮಾಗಿ ಎಂಟು ಕೂರುತ್ತವೆ. ಆ ಶೀಟ್ ಮಾಡುವ ಆಕ್ಷನ್ ಅನ್ನು ಡ್ರಾಪ್‌ಲೆಟ್ (ಫೋಟೋ ಮೇಲೆ ಬಿದ್ದ ಕೂಡಲೇ ಆಕ್ಷನ್ ಓಡಿಸುವ ಐಕಾನ್) ಮಾಡಿ ಡೆಸ್ಕ್‌ಟಾಪ್‌ನಲ್ಲಿಟ್ಟೆ. ಅಂಗಡಿ ಹುಡುಗ ಕ್ರಾಪ್ ಮಾಡಿದ ಫೋಟೋವನ್ನು ಅದರ ಮೇಲೆ ಎಳೆದು ಬಿಟ್ಟರೆ ಶೀಟ್ ರೆಡಿ. ಜೂನ್‌ನಲ್ಲಿ ಸ್ಕೂಲ್ ಅಡ್ಮಿಷನ್ ಹೊತ್ತಿಗೆ ಇದೊಂದೇ ಸಾಕಷ್ಟು ದುಡಿದು ಕೊಡುತ್ತೆ. ಬ್ಯಾಕ್‌ಗ್ರೌಂಡ್ ಬಿಳಿ ಮಾಡಲು ಫೋಟೋದಲ್ಲಿರುವ ವ್ಯಕ್ತಿಯನ್ನು ತಾನೇ ಗುರುತಿಸುವ ಸೆಲೆಕ್ಟ್ ಸಬ್ಜೆಕ್ಟ್ ಅನ್ನೂ ಆಕ್ಷನ್‌ಗೆ ಸೇರಿಸಿದ್ದೆ. ಯೂನಿಫಾರ್ಮ್‌ನ ಬಿಳಿ ಶರ್ಟ್ ಹಾಕಿದ ಮಕ್ಕಳ ಕಾಲರ್ ಮಾಯವಾಗತೊಡಗಿತು. ಈಗ ಹಿಂದೆ ಬಿಳಿ ಬಟ್ಟೆ ಕಟ್ಟಿ, ಅದಕ್ಕೇ ಒಂದು ಲೈಟ್ ಬೇರೆ ಇಟ್ಟಿದ್ದೇನೆ.

12×36 ಇಂಚಿನ ಆಲ್ಬಂನ ಕವರ್ ಮತ್ತು ದೊಡ್ಡದಾಗಿ ಹೋಗುವ 30-40 ಫೋಟೋಗಳನ್ನು ಈಗಲೂ ಕೈಯಲ್ಲೇ ಮಾಡುತ್ತೇನೆ. ಉಳಿದದ್ದೆಲ್ಲ ಸಂಜೆ ಹಚ್ಚಿಟ್ಟರೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಮುಗಿದಿರುತ್ತೆ.