ಕಡಲಪಾಚಿಗೂ ಚೌಕಟ್ಟು ಹಾಕಿಸಿ

ಮಲ್ಪೆಗೋ ಕಾರವಾರಕ್ಕೋ ಪ್ರವಾಸ ಹೋದವರು ದಡದಲ್ಲಿ ಸಿಕ್ಕ ಕಡಲಪಾಚಿಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಹೊರಟರೆ, ಮೈಸೂರು ಮುಟ್ಟುವ ಹೊತ್ತಿಗೆ ಅದು ಕೊಳೆತು ನಾರುತ್ತಿರುತ್ತದೆ. ಅದನ್ನು ಕಾಗದದ ಮೇಲೆ ಹರಡಿ ಒಣಗಿಸಿ ಚೌಕಟ್ಟು ಹಾಕಿಸಬೇಕೆಂದಿದ್ದರೆ, ಬಂಡೆಗೆ ಅಂಟಿದ್ದನ್ನು ಕೀಳಬೇಡಿ. ಅಲೆ ತಂದು ಹಾಕಿದ್ದರಲ್ಲೇ ಬಣ್ಣ ಮಾಸದ, ಅಂಗೈಯಗಲದ ತುಣುಕುಗಳನ್ನು ಆರಿಸಿ, ಕಡಲ ನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿ ಐಸ್ ಪೆಟ್ಟಿಗೆಯಲ್ಲಿ ತನ್ನಿ. ಐಸ್ ನೇರವಾಗಿ ತಾಗಬಾರದು. ಮನೆಯಲ್ಲಿ ಫ್ರಿಜ್‌ನಲ್ಲಿಟ್ಟರೆ ಇನ್ನೊಂದು ದಿನ ತಡೆಯುತ್ತದೆ, ಅಷ್ಟೇ.

ಹೆಚ್ಚಿನವರು ಎಡವುವುದು ನೀರಿನಲ್ಲಿ. ನಲ್ಲಿಯಲ್ಲಿ ಬರುವುದು ಸಿಹಿನೀರು. ಕೆಂಪು ಪಾಚಿಯನ್ನು ಅದರಲ್ಲಿ ನೆನೆಸಿದರೆ ಜೀವಕೋಶಗಳು ನೀರು ಹೀರಿ ಒಡೆಯುತ್ತವೆ, ನೀರಿನಲ್ಲಿ ಕರಗುವ ಅದರ ಕೆಂಪು ಬಣ್ಣ ಸೋರಿಹೋಗುತ್ತದೆ. ಆದ್ದರಿಂದ ಲೀಟರಿಗೆ 35 ಗ್ರಾಂ ಉಪ್ಪು ಕರಗಿಸಿ. ಕಡಲ ನೀರಿನ ಉಪ್ಪೂ ಹೆಚ್ಚುಕಡಿಮೆ ಅಷ್ಟೇ. ಮರಳು, ಚಿಕ್ಕ ಚಿಪ್ಪುಗಳನ್ನು ಈ ನೀರಿನಲ್ಲೇ ತೊಳೆಯಿರಿ.

ಇನ್ನು ಹರಡುವ ಕೆಲಸ. ಅಗಲವಾದ ಟ್ರೇಯಲ್ಲಿ ಎರಡು ಬೆರಳೆತ್ತರ ಉಪ್ಪುನೀರು ಹಾಕಿ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣ ಕಾಗದದ ಮೂಲೆಯಲ್ಲಿ ದಿನಾಂಕ, ಜಾಗ, ಸಿಕ್ಕಿದ್ದು ಬಂಡೆಯ ಮೇಲೋ ಮರಳಿನ ಮೇಲೋ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದು (ಪೆನ್ನಿನ ಶಾಯಿ ಹರಡುತ್ತದೆ) ನೀರಿನಡಿ ಮುಳುಗಿಸಿ. ಪಾಚಿಯನ್ನು ಅದರ ಮೇಲೆ ತೇಲಬಿಟ್ಟು, ಮೆದು ಕುಂಚದಿಂದ ಕವಲು ಕವಲಾಗಿ ಬಿಡಿಸಿ. ಒಂದರ ಮೇಲೊಂದು ಬಿದ್ದ ಕವಲುಗಳನ್ನು ಕತ್ತರಿಯಿಂದ ತೆಗೆದುಬಿಡಿ; ದಟ್ಟವಾಗಿದ್ದಷ್ಟೂ ಆಕಾರ ಕಾಣದು. ಬಳಿಕ ಕಾಗದವನ್ನು ಒಂದು ಬದಿಯಿಂದ ಓರೆಯಾಗಿ, ನಿಧಾನವಾಗಿ ಎತ್ತಿ. ಅವಸರ ಮಾಡಿದರೆ ಹರಿಯುವ ನೀರು ಎಲ್ಲವನ್ನೂ ಮುದ್ದೆ ಮಾಡುತ್ತದೆ. ಐದು ನಿಮಿಷ ಓರೆಯಾಗಿ ನಿಲ್ಲಿಸಿ ನೀರಿಳಿಸಿ.

ಮೇಲೆ ಗಂಜಿ ಹಾಕದ ಹಳೆಯ ಪಂಚೆಯ ತುಂಡು ಹೊದಿಸಿ. ಪಾಚಿಯಲ್ಲಿ ಲೋಳೆಯಂಥ ಅಂಟು ಇರುತ್ತದೆ. ಅದು ಕೆಳಗಿನ ಕಾಗದಕ್ಕೆ ಅಂಟಿಕೊಳ್ಳಬೇಕು, ಮೇಲಿನದಕ್ಕಲ್ಲ. ಕೆಳಗೂ ಮೇಲೂ ನೀರು ಹೀರುವ ಬ್ಲಾಟಿಂಗ್ ಕಾಗದ, ಆಮೇಲೆ ರಟ್ಟು, ಅದರ ಮೇಲೆ ನಾಲ್ಕು ಇಟ್ಟಿಗೆ. ಮೊದಲ ದಿನ ಬ್ಲಾಟಿಂಗ್ ಕಾಗದವನ್ನು ಎರಡು ಸಲ, ನಂತರ ದಿನಕ್ಕೊಮ್ಮೆ ಬದಲಿಸಿ. ಒಂದು ವಾರದಿಂದ ಹತ್ತು ದಿನ ಬೇಕು. ಆಷಾಢದ ಜಡಿಮಳೆಯಲ್ಲಿ ಇನ್ನೂ ಹೆಚ್ಚು; ಪಕ್ಕದಲ್ಲಿ ಫ್ಯಾನ್ ಓಡಲಿ. ಬದಲಿಸದಿದ್ದರೆ ಬೂಷ್ಟು ಖಂಡಿತ. ಮುಟ್ಟಿದಾಗ ತಣ್ಣಗೆನಿಸಿದರೆ ಒಳಗೆ ತೇವವಿದೆ ಎಂದರ್ಥ. ಆಗಲೇ ತೆಗೆದರೆ ಕಾಗದ ಸುರುಳಿಯಾಗುತ್ತದೆ.

ಉಲ್ವಾ ಎಂಬ ತೆಳುವಾದ ಹಸಿರು ಪಾಚಿ ತಾನಾಗಿಯೇ ಅಂಟಿಕೊಳ್ಳುತ್ತದೆ. ಗಾಳಿಗುಳ್ಳೆಗಳಿರುವ ಸರ್ಗಾಸಮ್ ಎಂಬ ಕಂದು ಪಾಚಿ ಅಂಟುವುದಿಲ್ಲ, ಒಣಗಿದಂತೆ ಕಪ್ಪಾಗುತ್ತದೆ. ಅದನ್ನು ಸಣ್ಣ ದಾರದಿಂದ ಹೊಲಿದು ನಿಲ್ಲಿಸಿ. ಮೈದಾ ಅಂಟು ಬೇಡ, ಹುಳು ಬರುತ್ತದೆ. ಬೀಸಣಿಗೆಯಂಥ ಪಡೀನಾ ಎಂಬ ಪಾಚಿಯ ಮೈಮೇಲೆ ಸುಣ್ಣವಿರುವುದರಿಂದ ಒಣಗಿದ ಮೇಲೆ ಬಾಗಿಸಿದರೆ ಮುರಿಯುತ್ತದೆ.

ಚೌಕಟ್ಟಿಗೆ ಕೊಡುವಾಗ, ಮೈಸೂರು ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯವರಿಗೆ ಒಂದು ಮಾತು ಹೇಳಿ: ಗಾಜು ಪಾಚಿಗೆ ತಾಗದಂತೆ ಸುತ್ತಲೂ ದಪ್ಪ ಮೌಂಟ್ ಬೋರ್ಡ್ ಇರಲಿ, ಅದು ಆಮ್ಲರಹಿತವಾಗಿರಲಿ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಬಣ್ಣ ಮಾಸುತ್ತದೆ.