ಟರ್ಬೊ ಕಾರಿಗೆ ಮೊದಲು ಇಂಟರ್‌ಕೂಲರ್, ಆಮೇಲೆ ಸೈಲೆನ್ಸರ್

ಗೆಳೆಯರೇ, ಟರ್ಬೊ ಕಾರಿಗೆ ಸೈಲೆನ್ಸರ್ ಬದಲಿಸಬೇಕು ಅಂತಿದ್ದರೆ ಸ್ವಲ್ಪ ತಡೆಯಿರಿ. ನಮ್ಮ ಚಿಕ್ಕಮಗಳೂರಿನ ಏರಿಗೆ ಮೊದಲು ಇಂಟರ್‌ಕೂಲರ್ ನೋಡಿ, ಅಂದ್ರೆ ಟರ್ಬೊ ಒತ್ತಿ ಕಳಿಸುವ ಗಾಳಿಯನ್ನು ಎಂಜಿನ್ ಒಳಗೆ ಹೋಗುವ ಮೊದಲು ತಣಿಸುವ ಭಾಗ. ಮುಳ್ಳಯ್ಯನಗಿರಿಗೆ ಸಣ್ಣ ಗೇರಲ್ಲೇ ಹತ್ತುತ್ತೇವೆ ಅಲ್ವಾ? ಎಂಜಿನ್ ಮೇಲೆ ಭಾರ ಜಾಸ್ತಿ, ಎದುರು ಗಾಳಿ ಕಡಿಮೆ. ಟರ್ಬೊ ಒತ್ತಿದ ಗಾಳಿ ಸರಿಯಾಗಿ ತಣಿಯದೆ ಒಳಗೆ ಹೋಗುತ್ತದೆ, ಎಳೆತ ಕುಗ್ಗುತ್ತದೆ. ಇಂಟರ್‌ಕೂಲರ್‌ನ ಕೋರ್, ಅಂದ್ರೆ ಗಾಳಿ ತಣಿಯುವ ಒಳಭಾಗ, ಪಟ್ಟಿ-ತಗಡು ಜೋಡಿಸಿದ ‘ಬಾರ್ ಅಂಡ್ ಪ್ಲೇಟ್’ ಬಗೆಯದಾದರೆ ತೂಕ ಹೆಚ್ಚು, ಆದರೆ ಬೇಗ ಬಿಸಿಯೇರುವುದಿಲ್ಲ. ನನ್ನ ಆಯ್ಕೆ ಅದೇ. ಸುಮ್ನೆ ದೊಡ್ಡದು ಹಾಕಿಸಬೇಡಿ. ಟರ್ಬೊ ತಡವಾಗಿ ಎಳೆಯಬಹುದು, ರೇಡಿಯೇಟರ್‌ಗೆ ಹೋಗುವ ಗಾಳಿಗೂ ಅಡ್ಡ. ಹಾಕಿಸಿದ ಮೇಲೆ ಪೈಪ್ ಜೋಡಣೆಯಲ್ಲಿ ಗಾಳಿ ಸೋರುತ್ತಿದೆಯಾ ಅಂತ ಖಂಡಿತ ನೋಡಿಸಿ.

ಎಕ್ಸಾಸ್ಟ್‌ನಲ್ಲಿ ಲಾಭ ಹೆಚ್ಚಾಗಿ ಟರ್ಬೊದಿಂದ ಹೊಗೆ ಹೊರಬರುವ ಮೊದಲ ಕೊಳವೆಯಾದ ಡೌನ್‌ಪೈಪ್‌ನಿಂದ. ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸಿದರೆ ಬಹುತೇಕ ಸದ್ದಷ್ಟೇ ಹೆಚ್ಚು. ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮಾತ್ರ ತೆಗೆಸಬೇಡಿ. ಕಾನೂನು ಒಪ್ಪುವುದಿಲ್ಲ, ನಮ್ಮ ಕಾಫಿ ತೋಟದ ಗಾಳಿಯೂ ಕೆಡುತ್ತದೆ.