ಕಡಲಾಮೆ ಸುದ್ದಿ ಪತ್ರಿಕೆಗೆ ಕಳಿಸುವ ಮುಂಚೆ

ಸ್ನೇಹಿತರೇ, ಹೊನ್ನಾವರದ ಕಡಲಾಮೆ ಸುದ್ದಿಯನ್ನು ನಮ್ಮ ಶಿವಮೊಗ್ಗದ ಪತ್ರಿಕೆಗಳಿಗೆ ಕಳಿಸುವವರಿಗೆ ಒಂದು ಸಲಹೆ. ಕಳೆದ ವರ್ಷ ನಾನು ಎರಡು ಪುಟದ ಪ್ರಕಟಣೆ ಕೊಟ್ಟಿದ್ದೆ. ಒಂದು ಸಾಲೂ ಬರಲಿಲ್ಲ. ಮಲೆನಾಡಿನ ಓದುಗರಿಗೆ ಕಡಲು ದೂರ ಅಲ್ವಾ? ಆಮೇಲೆ ಮೊದಲ ಸಾಲು ಬದಲಿಸಿದೆ: ‘ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಕಡಲು ಸೇರುವ ಊರಲ್ಲಿ ಆಮೆಗಳು ಮೊಟ್ಟೆ ಇಡುತ್ತಿವೆ.’ ಅವತ್ತೇ ವರದಿಗಾರರು ಫೋನ್ ಮಾಡಿದರು. ನಮ್ಮ ಹೊಳೆಗೆ ಬಿದ್ದ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ ಅಂತ ಅವರೇ ಕೇಳಿದರು.

ಒಂದೇ ಪುಟ ಸಾಕು. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ, ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸಿ, ಇಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಅಕ್ಷರ ಕೆಡುತ್ತದೆ. ಮಧ್ಯಾಹ್ನದೊಳಗೆ ತಲುಪಿಸಿ. ಸಂಜೆ ಡೆಸ್ಕಿನವರಿಗೆ ಪುರುಸೊತ್ತು ಇರುವುದಿಲ್ಲ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಜಾಸ್ತಿ ಮುಖ್ಯ. ಗೂಡಿನ ಜಾಗ ಬರೆಯಲೇಬೇಡಿ. ಆಲಿವ್ ರಿಡ್ಲೆ ಜಾತಿಯ ಕಡಲಾಮೆಯ ಮೊಟ್ಟೆಯಿಂದ ಮರಿ ಬರಲು ಸುಮಾರು 45ರಿಂದ 60 ದಿನ ಬೇಕು. ಅಷ್ಟೂ ದಿನ ಜನ ಸೆಲ್ಫಿಗೆ ಬಂದು ಮರಳು ತುಳಿದರೆ? ರಾತ್ರಿ ಫ್ಲಾಶ್ ಹಾಕಿ ತೆಗೆದ ಫೋಟೊ ಕೂಡ ಕಳಿಸಬೇಡಿ. ಅದನ್ನು ನೋಡಿ ನಾಲ್ಕು ಜನ ಹಾಗೇ ತೆಗೆಯುತ್ತಾರೆ. ಮರಿಗಳು ಬೆಳಕಿನ ಕಡೆ ಹೋಗಿ ದಿಕ್ಕು ತಪ್ಪುತ್ತವೆ. ಹಗಲಲ್ಲಿ ತೆಗೆದ, ಮರಳ ಮೇಲಿನ ಆಮೆಯ ಹೆಜ್ಜೆ ಸಾಲಿನ ಫೋಟೊ ಕೊಡಿ, ಹಿಂದೆ ಯಾವ ಗುರುತೂ ಕಾಣದ ಹಾಗೆ.